ಚೌಡವ್ವನ ಸಾವಿಗೆ ತಂದ ಬುತ್ತಿ

ಮುತ್ತಪ್ಪನನ್ನು ಮುತ್ತಪ್ಪ ಎಂದು ಕರೆಯುವುದನ್ನು ಅವನ ಓಣಿಯವರು ಬಿಟ್ಟು ಬಹಳ ವರ್ಷಗಳಾಗಿದ್ದವು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಅವನು ಚೌಡವ್ವ. ಓಣಿಯವರು ಸೇರಿ ಕಟ್ಟಿಕೊಂಡಿದ್ದ ನಾಟಕದ ಮೇಳದಲ್ಲಿ ಅವನಿಗೆ ಪ್ರತಿ ವರ್ಷ ಅದೊಂದೇ ಪಾರ್ಟು: ಸೊಂಟಕ್ಕೆ ಎಲೆಯಡಿಕೆ ಚೀಲ ಸಿಕ್ಕಿಸಿಕೊಂಡು, ಕಂಡವರ ಮದುವೆ ಕುದುರಿಸಲು ಹೋಗಿ ಕೆಡಿಸಿಬರುವ ಬಾಯಿಬಡಕಿ ಚೌಡವ್ವ. ಕಥೆ ಯಾವುದೇ ಇರಲಿ, ನಡುವೆ ಚೌಡವ್ವ ಬರಲೇಬೇಕು. ಅವಳು ಸೀರೆಯ ನಿರಿಗೆ ಒದೆಯುತ್ತ ರಂಗದ ಮೇಲೆ ಬಂದರೆ ಸಾಕು, ಗಂಡಸರು ಹೆಗಲ ಮೇಲಿನ ವಸ್ತ್ರ ಹಾರಿಸುತ್ತಿದ್ದರು, ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು.

ಮುತ್ತಪ್ಪ ಸಣಕಲ ಮೈಯವನು. ಗಡ್ಡ ಮೀಸೆ ದಟ್ಟವಾಗಿ ಬರಲಿಲ್ಲ. ಹರೆಯದಲ್ಲಿ ಯಾರೋ ಒತ್ತಾಯಕ್ಕೆ ಸೀರೆ ಉಡಿಸಿದರು, ಚಪ್ಪಾಳೆ ಬಿತ್ತು, ಇವನಿಗೂ ರುಚಿ ಹತ್ತಿತು. ಆ ರುಚಿ ತನ್ನ ಬದುಕನ್ನೇ ತಿನ್ನುತ್ತದೆ ಎಂದು ಆಗ ಹೇಗೆ ಗೊತ್ತಾಗಬೇಕು? ಹೆಣ್ಣು ಕೇಳಲು ಹೋದಾಗ ಗೊತ್ತಾಯಿತು. ರೋಣದಲ್ಲಿ ಕೇಳಿದರು, ಆಗಲಿಲ್ಲ. ರಾಜೂರಿನಲ್ಲಿ ಹುಡುಗಿಯ ಅಪ್ಪ, ನಾಟಕ ನೋಡುವಾಗ ಎಲ್ಲರಿಗಿಂತ ಜೋರಾಗಿ ನಕ್ಕ ಆಸಾಮಿ, ಬಾಗಿಲಲ್ಲೇ ನಿಂತು ಹೇಳಿಬಿಟ್ಟ:

"ಸೀರಿ ನೇಯಾವಗ ಹೆಣ್ಣ ಕೊಡತೇನಿ. ಸೀರಿ ಉಡಾವಗ ಕೊಡೂದಿಲ್ಲ."

ಓಣಿಯಲ್ಲಿ ಈ ಮಾತು ನಾಟಕದ ಮಾತಿಗಿಂತ ಹೆಚ್ಚು ದಿನ ಓಡಾಡಿತು.

ಅವ್ವ ಇರುವವರೆಗೆ ಹೇಗೋ ನಡೆಯಿತು. ಅವಳು ಹೋದ ಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ನೇಕಾರನ ಮನೆಯಲ್ಲಿ ಹೆಂಗಸಿಲ್ಲವೆಂದರೆ ಅರ್ಧ ಮಗ್ಗವೇ ಇಲ್ಲ. ಗಂಡಸು ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಸಿ ಕೂತು ಲಾಳಿ ಎಸೆಯುತ್ತಿದ್ದರೆ, ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತಿ ಕೊಡಲು ಅವ್ವನೋ ಹೆಂಡತಿಯೋ ಇರಬೇಕು. ಮುತ್ತಪ್ಪ ನೂಲು ಮುಗಿದಾಗಲೆಲ್ಲ ಕುಣಿಯಿಂದ ಮೇಲೆ ಹತ್ತಿ, ತಾನೇ ರಾಟಿ ತಿರುಗಿಸಿ, ಮತ್ತೆ ಕುಣಿಗೆ ಇಳಿಯುತ್ತಿದ್ದ. ಹೀಗೆ ಹತ್ತಿ ಇಳಿಯುವಾಗ ಒಮ್ಮೊಮ್ಮೆ, ಇಳಿದವನು ಮೇಲೆ ಬರದೆ ಅಲ್ಲೇ ಉಳಿದರೂ ಯಾರಿಗೂ ತಿಳಿಯಲಿಕ್ಕಿಲ್ಲ ಎನ್ನಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ಹೊಳೆಮಣ್ಣೂರಿನ ಸಂಬಂಧದ ಸುದ್ದಿ ಬಂತು. ಆ ಸೀಮೆ ಇನ್ನೂ ಮುಂಬೈ ಸರ್ಕಾರದ ಕೈಯಲ್ಲಿದ್ದ ಕಾಲ ಅದು. ರೋಣ ದಾಟಿ ಮಲಪ್ರಭೆಯ ದಂಡೆಗೆ ಹೋದರೆ ಆ ಊರು. ಅಲ್ಲಿ ಹನಮಂತಪ್ಪ ಎಂಬವನ ಮನೆ, ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಹೊಲ ಹಿಡಿದ ಅವರದೇ ಜಾತಿಯ ಮನೆ. ಒಬ್ಬಳೇ ಮಗಳು ರೇಣವ್ವ. ವಯಸ್ಸು ಸ್ವಲ್ಪ ಮೀರಿತ್ತು, ತಾಯಿ ಇರಲಿಲ್ಲ. ಮೇಳದವರು ಆ ಕಡೆ ನಾಟಕ ಆಡಿರಲೇ ಇಲ್ಲ. ಚೌಡವ್ವನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುತ್ತಪ್ಪನಿಗೆ ಇದೇ ಕೊನೆಯ ಬಾಗಿಲು ಎಂದು ಖಾತ್ರಿಯಾಯಿತು.

ಆದರೆ ಹನಮಂತಪ್ಪ ಒಂದು ಮಾತು ಹೇಳಿ ಕಳಿಸಿದ್ದ: "ನಮ್ಮ ಮನ್ಯಾಗ ಹಿರೇ ಹೆಣಮಕ್ಕಳಿಲ್ಲ. ಮೊದಲ ನಿಮ್ಮ ಕಡೆ ಮುತ್ತೈದಿ ಒಬ್ಬಾಕಿ ಬಂದು ಹುಡುಗಿನ್ನ ಮಾತಾಡಸಲಿ. ಗಂಡಸರ ಮಾತು ಆಮ್ಯಾಲೆ." ಆ ಕಡೆಯ ರೀತಿಯೇ ಹಾಗೆ. ಮೊದಲು ಒಳಮನೆ ನೋಡುವವರು ಹೆಂಗಸರು, ಆಮೇಲೆ ಗಂಡಸರು ಪಡಸಾಲೆಯಲ್ಲಿ ಕೂತುಕೊಳ್ಳಬೇಕು. ಮುತ್ತಪ್ಪನಿಗೆ ಅಕ್ಕ ತಂಗಿ, ಅತ್ತೆ, ಚಿಗವ್ವ ಯಾರೂ ಇಲ್ಲ. ನೆರೆಮನೆಯ ಬಾಳವ್ವನ ಕಾಲು ಹಿಡಿದ. ಅವಳು ಒಪ್ಪಿದಳು. ಹೊರಡುವ ದಿನ ಬೆಳಿಗ್ಗೆ ಅವಳ ಮಗಳಿಗೆ ಹೆರಿಗೆ ಬೇನೆ ಎದ್ದಿತು. "ನಾ ಬಿಟ್ಟು ಬರಾಕ ಆಗತೈತೇನೋ?" ಎಂದು ಬಾಗಿಲು ಹಾಕಿಕೊಂಡಳು. ಅವಳದೂ ತಪ್ಪಲ್ಲ.

ಕಾಶೀಂಸಾಬ ಚಕ್ಕಡಿ ಹೂಡಿಕೊಂಡು ಬಂದು ನಿಂತಿದ್ದ. ಅವನು ನೇಕಾರರ ಸೀರೆಯ ಗಂಟುಗಳನ್ನು ರೋಣದ ಪೇಟೆಗೆ ಒಯ್ಯುವವನು, ಮೇಳದಲ್ಲಿ ಪೇಟಿ ಬಾರಿಸುವವನು, ಮುತ್ತಪ್ಪನ ಮುಖಕ್ಕೆ ಬಣ್ಣ ಹಚ್ಚುವವನೂ ಅವನೇ. ಓಣಿಯಲ್ಲಿ ಮುತ್ತಪ್ಪನನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಅವನೊಬ್ಬನೇ.

"ಇವತ್ತ ತಪ್ಪಿತಂದ್ರ ಅವರು ಬ್ಯಾರೆ ಕಡೆ ನೋಡ್ತಾರ, ಕಾಶೀಂ."

"ಈಗ ಹೆಣಮಗಳನ್ನ ಎಲ್ಲಿಂದ ತರ್ತಿ? ಹೊಲದಾಗ ಬೆಳದಾರೇನು?"

ಮುತ್ತಪ್ಪ ಒಳಗೆ ಹೆಜ್ಜೆ ಇಟ್ಟ. ಅವ್ವನ ಟ್ರಂಕಿನ ಕಡೆ ನೋಡಿದ. ಕಾಶೀಂಸಾಬನಿಗೆ ತಿಳಿಯಲು ತಡವಾಗಲಿಲ್ಲ.

"ಹುಚ್ಚ ಹಿಡದೈತೇನ ನಿನಗ? ನಾಟಕದಾಗ ಗ್ಯಾಸಬತ್ತಿ ಬೆಳಕಿರತೈತಿ. ಇದು ನಟ್ಟ ಹಗಲು!"

"ಆ ಮನ್ಯಾಗ ಇರಾವ ಒಬ್ಬನ ಗಂಡಸು. ಬಂದ ಹೆಣಮಗಳ ಮಾರಿ ಆತ ದಿಟ್ಟಿಸಿ ನೋಡ್ತಾನೇನು? ಹುಡುಗಿ ನಾಚಿಕೊಂಡು ಕೆಳಗ ನೋಡ್ತಾಳ. ಒಂದ ತಾಸಿನ ಮಾತು."

ಇಂಥ ಬುದ್ಧಿ ಅವನಿಗೆ ನೇಯ್ಗೆಯಲ್ಲಿ ಬಂದಿದ್ದರೆ ಎಷ್ಟು ಚೆನ್ನಾಗಿತ್ತು! ಕಾಶೀಂಸಾಬ ಬೈದ, ತಲೆ ಚಚ್ಚಿಕೊಂಡ, ಕೊನೆಗೆ ಒಪ್ಪಿದ. ರೋಣ ದಾಟಿದ ಮೇಲೆ ಜೋಳದ ಕಣಿಕೆಯ ಬಣವೆಯೊಂದರ ಮರೆಯಲ್ಲಿ ಮುತ್ತಪ್ಪ ಅವ್ವನ ಇಳಕಲ್ಲ ಸೀರೆ ಉಟ್ಟ, ಖಣದ ಕುಪ್ಪಸ ತೊಟ್ಟ, ಚವರಿ ಕೂದಲಿನ ತುರುಬು ಕಟ್ಟಿದ. ಕಾಶೀಂಸಾಬ ಈ ಸಲ ಬಣ್ಣ ಹಚ್ಚಲಿಲ್ಲ, ಕುಂಕುಮ ಮಾತ್ರ ಇಟ್ಟ. ಇಟ್ಟು ದೂರ ನಿಂತು ನೋಡಿದವನು ನಗಲಿಲ್ಲ. "ನಿಮ್ಮವ್ವನ ಕಂಡಂಗಾತು" ಎಂದು ಎತ್ತುಗಳ ಕಡೆ ತಿರುಗಿದ.

ಹೊಳೆಮಣ್ಣೂರಿನಲ್ಲಿ ಎಲ್ಲ ಮುತ್ತಪ್ಪ ಎಣಿಸಿದಂತೆಯೇ ನಡೆಯಿತು. ಹನಮಂತಪ್ಪ ಕೈಮುಗಿದು, ಬಂದವಳ ಮುಖ ನೋಡದೆ, ಕಾಶೀಂಸಾಬನನ್ನು ಕರೆದುಕೊಂಡು ಹೊರಗಿನ ಕಟ್ಟೆಗೆ ಹೋದ. ಹೋಗುವ ಮುನ್ನ ಅವನು ಹೆಸರು ಕೇಳಿದಾಗ ಮುತ್ತಪ್ಪನ ಬಾಯಿಗೆ ತಾನಾಗಿ ಬಂದದ್ದು ಚೌಡವ್ವ ಎಂದೇ. ಹುಡುಗನ ಸೋದರತ್ತೆ, ಗಂಡ ಸೊಲ್ಲಾಪುರದ ಗಿರಣಿಯಲ್ಲಿದ್ದಾನೆ, ತಾನು ಸೋದರಳಿಯನ ಮನೆಯಲ್ಲೇ ಇರುತ್ತೇನೆ ಎಂದ.

ರೇಣವ್ವ ನೀರು ಬೆಲ್ಲ ತಂದಿಟ್ಟು ಕಾಲಿಗೆರಗಿದಳು. ಮುತ್ತಪ್ಪ ಎಣಿಸದೇ ಇದ್ದದ್ದು ಅಲ್ಲಿಂದ ಶುರುವಾಯಿತು. ಅವಳು ಕೆಳಗೆ ನೋಡಲಿಲ್ಲ. ನೇರ ಅವನ ಮುಖವನ್ನೇ ನೋಡಿದಳು. ಬಹಳ ದಿನಗಳಿಂದ ಹೆಂಗಸಿನ ಮುಖ ಹತ್ತಿರದಿಂದ ಕಾಣದವಳ ಆಸೆ ಆ ನೋಟದಲ್ಲಿತ್ತು.

"ನಿಮ್ಮ ಅಳಿಯ ಹ್ಯಾಂಗ ಅದಾನ್ರಿ ಅತ್ತಿ?" ಎಂದು ಕೇಳಿದಳು.

ಚೌಡವ್ವನ ಧ್ವನಿಗೆ ಜನ ನಗುವುದನ್ನು ಬಿಟ್ಟು ಬೇರೇನೂ ಮಾಡಿದ್ದನ್ನು ಮುತ್ತಪ್ಪ ಕಂಡಿರಲಿಲ್ಲ. ಈಗ ಅದೇ ಧ್ವನಿಯನ್ನು ಒಂದು ಜೀವ ಕಿವಿಗೊಟ್ಟು ಕೇಳುತ್ತಿತ್ತು.

"ಕೆಟ್ಟಾವಲ್ಲವ್ವ. ಒಬ್ಬನ ಇದ್ದು ಇದ್ದು ಮೆತ್ತಗಾಗ್ಯಾನ. ಮಂದೀನ ನಗಸ್ತಾನ, ತಾ ನಗೂದಿಲ್ಲ. ಮನ್ಯಾಗ ಒಬ್ಬರು ಇದ್ರ ನಕ್ಕಾನು."

ತನ್ನ ಬಗ್ಗೆ ಇಷ್ಟು ಖರೇ ಮಾತನ್ನು ಅವನು ಗಂಡು ಬಾಯಿಂದ ಎಂದೂ ಆಡಿರಲಿಲ್ಲ.

ರೇಣವ್ವ ಬಾಚುವ ಹಣಿಗೆಯನ್ನೂ ಎಣ್ಣೆಯನ್ನೂ ತಂದಿಟ್ಟು, ಸಂಕೋಚದಿಂದ, "ಅತ್ತಿ, ಒಂದ ಸಲ ತಲಿ ಹಿಕ್ಕಿ ಹೆರಳ ಹಾಕ್ತೀರೇನ್ರಿ? ನಮ್ಮವ್ವ ಹೋದ ಮ್ಯಾಲೆ ಯಾರೂ ಹಾಕಿಲ್ಲ" ಎಂದು ಅವನ ಮುಂದೆ ಬೆನ್ನು ಮಾಡಿ ಕೂತಳು. ಆಗಲೇ ಎದ್ದು ಹೊರಗೆ ನಡೆಯಬೇಕಿತ್ತು. ಏಳಲಿಲ್ಲ. ಜಡ್ಡಿನಲ್ಲಿ ಮಲಗಿದ್ದ ಅವ್ವನ ತಲೆ ಹಿಕ್ಕಿದ ಕೈ ಅದು. ಎಣ್ಣೆ ಹಚ್ಚಿ ಸಿಕ್ಕು ಬಿಡಿಸತೊಡಗಿದ. ಗೋಡೆಯ ಕಡೆ ಮುಖ ಮಾಡಿ ಕೂತ ರೇಣವ್ವ ಮಾತು ತೆಗೆದಳು. ಮೊದಲು ಹೊಲದ ಮಾತು, ಎಮ್ಮೆಯ ಮಾತು. ಆಮೇಲೆ ಅವ್ವನ ಮಾತು. ಹೊಳೆ ಊರೊಳಗೆ ಬಂದ ವರ್ಷ ಕಟ್ಟಿದ್ದ ಎಮ್ಮೆಯ ಕರುವನ್ನು ಬಿಡಿಸಿಕೊಂಡು ಬರಲು ತಾಯಿ ಮಗಳು ಇಬ್ಬರೂ ಹೋಗಿದ್ದರಂತೆ. ನೀರು ಎದೆಗೆ ಬಂತಂತೆ. ತಾಯಿ ಕೊಚ್ಚಿಹೋದಳು, ಹೆಣವೂ ಸಿಗಲಿಲ್ಲ.

"ಕೈ ಜಾರಿತು ಅಂತ ಅಪ್ಪಗ ಹೇಳೇನಿ. ಜಾರಲಿಲ್ಲ ಅತ್ತಿ. ಆಕಿ ಗಟ್ಟಿ ಹಿಡದಿದ್ಲು. ನಾನ ಅಂಜಿ ಬಿಡಿಸಿಕೊಂಡೆ." ತಿರುಗದೆಯೇ ಮತ್ತೆ ಹೇಳಿದಳು: "ಇದನ್ನ ಯಾರ ಮುಂದೂ ಆಡಿಲ್ಲ. ಹೆಣಮಗಳೊಬ್ಬಾಕಿ ಸಿಕ್ರ ಹೇಳಬೇಕಂತ ಇತ್ತು."

ಮುತ್ತಪ್ಪನ ಕೈಯಲ್ಲಿ ಹಣಿಗೆ ನಿಂತಿತು. ಈ ಮಾತು ತನಗೆ ಹೇಳಿದ್ದಲ್ಲ, ಕದ್ದು ಕೇಳಿದ್ದು ಎಂದು ಅವನಿಗೆ ಚೆನ್ನಾಗಿ ತಿಳಿಯಿತು. ಆದರೂ ಅವಳ ಭುಜ ನಡುಗುವುದನ್ನು ನೋಡುತ್ತ ಸುಮ್ಮನಿರಲಾಗಲಿಲ್ಲ. ತಲೆಯ ಮೇಲೆ ಕೈಯಿಟ್ಟ.

"ನೀ ಬಿಡದಿದ್ರ ಇಬ್ರೂ ಹೋಗ್ತಿದ್ರಿ, ಮಗಳ. ನೀ ಉಳದದ್ದು ನಿಮ್ಮವ್ವಗ ಸಮಾಧಾನ ಇರತೈತಿ. ಹಡದಾಕಿ ಮತ್ತೇನ ಬೇಡ್ತಾಳ?"

ರೇಣವ್ವ ತಿರುಗಿ ಅವನ ಮಡಿಲಲ್ಲಿ ತಲೆ ಇಟ್ಟು ಅತ್ತಳು. ಹೊರಡುವಾಗ ಉಡಿ ತುಂಬಿದಳು. ನಾಟಕದಲ್ಲಿ ಚೌಡವ್ವ ಉಡಿ ತುಂಬಿಸಿಕೊಳ್ಳುವಾಗ ಸೆರಗಿನ ಜೊತೆ ಸೀರೆಯನ್ನೂ ಮೊಣಕಾಲತನಕ ಎತ್ತುತ್ತಿದ್ದಳು, ಜನ ಹುಚ್ಚೆದ್ದು ನಗುತ್ತಿದ್ದರು. ಇಲ್ಲಿ ಅಕ್ಕಿ, ಒಣಕೊಬ್ಬರಿ, ಅರಿಶಿಣದ ಬೇರು ಸೆರಗಿಗೆ ಬೀಳುತ್ತಿದ್ದಾಗ ಮುತ್ತಪ್ಪ ಹಿಡಿದ ಸೆರಗಿನ ಅಂಚು ಜಾರಿ ಅಕ್ಕಿ ನೆಲಕ್ಕೆ ಚೆಲ್ಲಿತು. ರೇಣವ್ವ ಒಂದೊಂದೇ ಕಾಳು ಆರಿಸಿ ಮತ್ತೆ ಉಡಿಗೆ ಹಾಕಿದಳು.

ಚಕ್ಕಡಿಯಲ್ಲಿ ಕಾಶೀಂಸಾಬ ಕೇಳಿದ: "ಹುಡುಗಿ ಹ್ಯಾಂಗ ಅದಾಳ?"

"ಚಲೋ ಅದಾಳ" ಎಂದ ಮುತ್ತಪ್ಪ. ಬಣವೆಯ ಹತ್ತಿರ ಸೀರೆ ಬಿಚ್ಚುವ ತನಕ ಉಡಿಯ ಗಂಟನ್ನು ಎದೆಗೊತ್ತಿಕೊಂಡೇ ಕೂತಿದ್ದ.

ಮುಂದಿನ ಸಂತೆಗೆ ಹನಮಂತಪ್ಪ ಕಡಲೆ ಮಾರಲು ರೋಣಕ್ಕೆ ಬಂದವನು ಪೇಟೆಯಲ್ಲಿ ಮುತ್ತಪ್ಪನನ್ನು ಕಂಡ. ಮುತ್ತಪ್ಪ ಧೋತರ ಉಟ್ಟು, ತಲೆಗೆ ಪಟಗಾ ಸುತ್ತಿ, ಇದ್ದಷ್ಟು ಮೀಸೆ ತಿರುವಿಕೊಂಡು ಹೋಗಿದ್ದ. ಹನಮಂತಪ್ಪನಿಗೆ ಗುರುತು ಹತ್ತಲಿಲ್ಲ. ಅವನು ಅತ್ತೆಯ ಮುಖ ನೋಡಿದ್ದರೆ ತಾನೇ? ಹುಡುಗ ಮನಸ್ಸಿಗೆ ಬಂದ. ಬಸ್‌ ನಿಲ್ಲುವ ಕಡೆ ಚಹಾ ಕುಡಿಯುತ್ತ ಸಂಬಂಧ ಒಪ್ಪಿದ.

"ನಮ್ಮ ರೇಣಿ ಯಾರಿಗೂ ಹೂಂ ಅಂದಾಕಿ ಅಲ್ಲ. ಹುಡುಗನ್ನ ನೋಡ್ತೀ ಏನವಾ ಅಂದ್ರ, ಅವರ ಅತ್ತಿನ್ನ ನೋಡೇನಲ್ಲ, ಸಾಕು, ಆ ಮನಿಗೆ ಹೋಗ್ತೇನಿ ಅಂತಾಳ. ನಿಮ್ಮತ್ತಿ ಬಂದ ಮ್ಯಾಲೆ ಮನ್ಯಾಗ ಹಾಡ ಹಚ್ಚ್ಯಾಳ್ರಿ." ಹನಮಂತಪ್ಪ ಕಣ್ಣೊರೆಸಿಕೊಂಡ. "ಒಂದ ಮಾತು. ನಿಶ್ಚಯಕ್ಕ ನಿಮ್ಮ ಓಣಿ ಹಿರ್ಯಾರನ್ನ ಕರಕೊಂಡು ಬರ್ರಿ. ಅತ್ತೀನ ಮುಂದ ನಿಂತು ಹುಡುಗಿಗೆ ಉಡಿ ತುಂಬಬೇಕು."

ಓಣಿಯ ಹಿರಿಯರ ಮುಂದೆ ಚೌಡವ್ವ ಬರುವುದು ಹೇಗೆ? ಮುತ್ತಪ್ಪ ಮಗ್ಗದಲ್ಲಿ ಕೂತು ಇದೇ ಯೋಚನೆಯಲ್ಲಿ ಎಳೆ ಹರಿದುಕೊಂಡ. ಕಾಶೀಂಸಾಬ ನೇರ ಹೇಳಿದ: "ಹೋಗಿ ಖರೇ ಹೇಳಿ ಬಿಡು. ಬೈತಾರ, ಬೈಲಿ."

"ಬೈದ್ರ ಬೈಸ್ಕೊಂತೇನಿ. ಆಕಿ ನನ್ನ ಮುಂದ ಏನ ಹೇಳ್ಯಾಳಂತ ನಿನಗ ಗೊತ್ತಿಲ್ಲ. ಅದನ್ನ ಗಂಡಸು ಕೇಳಿದನಂತ ತಿಳದ್ರ ಆಕಿ ಉಳಿಯೂದಿಲ್ಲ."

ಏನು ಹೇಳಿದಳೆಂದು ಕಾಶೀಂಸಾಬ ಕೇಳಿದ. ಮುತ್ತಪ್ಪ ಹೇಳಲಿಲ್ಲ, ಅವನಿಗೂ ಹೇಳಲಿಲ್ಲ. ಉಳಿದದ್ದು ಒಂದೇ ದಾರಿ. ಚೌಡವ್ವ ಸಾಯಬೇಕು. ಹುಟ್ಟದವಳನ್ನು ಸಾಯಿಸುವುದು ಏನು ಕಷ್ಟ? ಮುಂದೆ ರೇಣವ್ವನಿಗೆ ಮುಖದ ಹೋಲಿಕೆ ಕಂಡರೂ ಸೋದರತ್ತೆಯದು ಎಂದುಬಿಟ್ಟರಾಯಿತು. ಮರುವಾರ ಹೊಳೆಮಣ್ಣೂರಿನ ಕಡೆ ಹೊರಟ ಗಾಡಿಯವನೊಬ್ಬನ ಕೈಯಲ್ಲಿ ಸುದ್ದಿ ಹೋಯಿತು: ಅತ್ತೆಗೆ ವಾಂತಿಭೇದಿಯಾಗಿ ಎರಡೇ ದಿನಕ್ಕೆ ಹೋದಳು, ಮಣ್ಣು ಆಯಿತು, ನಿಶ್ಚಯ ಒಂದು ತಿಂಗಳು ಮುಂದಕ್ಕೆ ಹೋಗಲಿ.

ಮುತ್ತಪ್ಪ ಅಂದು ರಾತ್ರಿ ನಿರಾಳವಾಗಿ ಮಲಗಿದ. ಇಷ್ಟು ಯೋಚನೆ ಮಾಡಿದವನು ಆ ಸೀಮೆಯಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಗೊತ್ತಿರುವುದನ್ನೇ ಮರೆತಿದ್ದ. ಅಲ್ಲಿ ಸಾವಿನ ಸುದ್ದಿ ಕೇಳಿ ಯಾರೂ ಮನೆಯಲ್ಲಿ ಕೂರುವುದಿಲ್ಲ. ಸತ್ತವರ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೆಂದು ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ವೈರಿಯ ಮನೆಗೂ ಹೋಗುತ್ತಾರೆ.

ಸುದ್ದಿ ಮುಟ್ಟಿದ ಮರುದಿನವೇ ಮಧ್ಯಾಹ್ನದ ಬಸ್ಸಿಗೆ ಹನಮಂತಪ್ಪ ಮಗಳ ಜೊತೆ ಗಜೇಂದ್ರಗಡದಲ್ಲಿ ಇಳಿದ. ನಿಶ್ಚಯಕ್ಕೆ ಮೊದಲು ಹುಡುಗಿ ಗಂಡಿನ ಮನೆಯ ಹೊಸ್ತಿಲಿಗೆ ಬರುವುದು ಎಲ್ಲೂ ಇಲ್ಲದ ಮಾತು. ಅಪ್ಪ ಬೇಡವೆಂದರೂ ರೇಣವ್ವ ಕೇಳಿರಲಿಲ್ಲ. "ನಮ್ಮವ್ವಗ ಅಳಾಕ ಹೆಣನೂ ಸಿಗಲಿಲ್ಲ. ಈಕಿಗರ ಆಕಿ ಮನಿ ಬಾಗಲಿಗೆ ಹೋಗಿ ಅಳತೇನಿ" ಎಂದಿದ್ದಳು. ತಲೆಯ ಮೇಲೆ ಬುತ್ತಿಯ ಗಂಟು, ಮುಖದ ತುಂಬ ಸೆರಗು. ಓಣಿಯ ತಿರುವಿಗೆ ಬರುತ್ತಿದ್ದಂತೆ ಗಂಟಲು ಬಿಟ್ಟು ಅಳತೊಡಗಿದಳು.

"ಎಲ್ಲಿ ಹೋದ್ಯವ್ವಾ ಚೌಡವ್ವತ್ತೀ... ನನ್ನ ತಲಿ ಹಿಕ್ಕಿ ಹೋದಾಕಿ, ತಿರುಗಿ ಬರಲಿಲ್ಲಲ್ಲವ್ವಾ..."

ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಹೆಂಗಸರು ರಾಟಿ ಬಿಟ್ಟು ಹೊರಗೆ ಬಂದರು. ಬಾಳವ್ವ ಮೊಮ್ಮಗನನ್ನು ಎತ್ತಿಕೊಂಡು ಬಂದಳು.

"ಯಾರ ಮನಿಗೆ ಬಂದೀಯವ್ವ? ಯಾರ ಸತ್ತಾರ?"

"ಚೌಡವ್ವತ್ತಿ. ಮುತ್ತಪ್ಪ ಅವರ ಅತ್ತಿ."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಹಿಂದಿನಿಂದ ಯಾರೋ ಪಕ್ಕನೆ ನಕ್ಕರು.

"ಸತ್ಲಾ? ಒಳಗ ಮಗ್ಗದಾಗ ಕುಂತಾಳ ನೋಡವ್ವ, ಕರೀಲೇನು? ಏ ಚೌಡವ್ವಾ, ನಿನ್ನ ಹೆಣಾ ನೋಡಾಕ ಬಂದಾರ ಬಾರ!"

ಓಣಿಗೆ ಓಣಿಯೇ ನಕ್ಕಿತು. ಮುಖದ ಸೆರಗು ಜಾರಿ, ಒರೆಸದ ಕಣ್ಣೀರಿನಲ್ಲಿ ನಿಂತಿದ್ದ ಒಂದು ಹೆಣ್ಣುಜೀವ ಆ ಜನರ ಕಣ್ಣಿಗೆ ಬೀಳಲಿಲ್ಲ. ಅವರಿಗೆ ಚೌಡವ್ವನ ಹೆಸರು ಕೇಳಿದರೆ ನಗುವುದೊಂದೇ ಗೊತ್ತು. "ಮುಂದಿನ ನಾಟಕ ಹ್ಯಾಂಗ ಮಾಡೂದಪ್ಪಾ ಇನ್ನ?" ಎಂದು ಒಬ್ಬ ಹೊಟ್ಟೆ ಹಿಡಿದುಕೊಂಡ.

ಮುತ್ತಪ್ಪ ಬಾಗಿಲಿಗೆ ಬಂದ. ಬಾರದೆ ಒಳಗೇ ಉಳಿಯಬಹುದಿತ್ತು, ಹಿತ್ತಲಿಂದ ಓಡಬಹುದಿತ್ತು. ಬಂದು ನಿಂತ. ರೇಣವ್ವ ಅವನನ್ನು ಗಂಡಸಿನ ವೇಷದಲ್ಲಿ ನೋಡಿದ್ದು ಅದೇ ಮೊದಲು. ಹಣೆ ನೋಡಿದಳು, ಗಲ್ಲ ನೋಡಿದಳು, ಕೊನೆಗೆ ತನ್ನ ತಲೆಗೆ ಎಣ್ಣೆ ಹಚ್ಚಿದ ಆ ಎರಡು ಕೈ ನೋಡಿದಳು. ಮತ್ತೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಹನಮಂತಪ್ಪನಿಗೆ ಅರ್ಥವಾಗುವಷ್ಟರಲ್ಲಿ ಕಾಲಿನ ಕೆರ ಕೈಗೆ ಬಂದಿತ್ತು. ರೇಣವ್ವ ಅಪ್ಪನ ರಟ್ಟೆ ಹಿಡಿದಳು. "ಬ್ಯಾಡಪ್ಪ" ಎಂದಳು. ಆಮೇಲೆ ಮುತ್ತಪ್ಪನ ಹತ್ತಿರ ಹೋಗಿ, ಅವನಿಗಷ್ಟೇ ಕೇಳುವಂತೆ ಕೇಳಿದಳು:

"ನಾ ಹೇಳಿದ ಮಾತು?"

"ಯಾರ ಮುಂದೂ ಆಡಿಲ್ಲ. ಆಡೂದೂ ಇಲ್ಲ." ಅವನು ಕೈ ಜೋಡಿಸಿದ. "ತಪ್ಪಾತು. ನನಗ ಕಳಸಾಕ ಯಾರೂ ಇರಲಿಲ್ಲ. ಆದ್ರ ಅವತ್ತ ನಾ ಆಡಿದ ಮಾತು ಖರೇ ಐತಿ. ನೀ ಉಳದದ್ದು ಚಲೋ ಆತು."

"ಆಕಿ ಅಂದಿದ್ಲು ಆ ಮಾತು. ನೀವಲ್ಲ." ರೇಣವ್ವ ಬುತ್ತಿಯ ಗಂಟು ಇಳಿಸಿ ಅವನ ಹೊಸ್ತಿಲ ಮೇಲಿಟ್ಟಳು. "ಸತ್ತ ಮನಿಗೆ ತಂದದ್ದನ್ನ ತಿರುಗಿ ಒಯ್ಯಬಾರದು. ನನ್ನ ಪಾಲಿಗಂತೂ ಆಕಿ ಖರೇನ ಸತ್ಲು."

ಅಪ್ಪ ಮಗಳು ಬಂದ ದಾರಿಯಲ್ಲೇ ನಡೆದರು. ಓಣಿಯ ನಗು ಅವರ ಹಿಂದೆ ತಿರುವಿನ ತನಕ ಹೋಯಿತು.

ಮುತ್ತಪ್ಪ ಮುಂದೆ ಬಹಳ ವರ್ಷ ಬದುಕಿದ. ಮದುವೆಯಾಗಲಿಲ್ಲ. ಮೇಳದವರು ಎಷ್ಟು ಗೋಗರೆದರೂ ಮತ್ತೆ ಸೀರೆ ಉಡಲಿಲ್ಲ. ಉಡಿಯ ಅಕ್ಕಿಯನ್ನು ಬೇಯಿಸಲೂ ಇಲ್ಲ, ಚೆಲ್ಲಲೂ ಇಲ್ಲ. ಅವ್ವನ ಟ್ರಂಕಿನಲ್ಲಿ ಅದು ಹುಳು ಹಿಡಿದು ಹೋಯಿತು. ರೇಣವ್ವನ ಮಾತು ಅವನ ಬಾಯಿಂದ ಎಂದೂ ಹೊರಬೀಳಲಿಲ್ಲ. ಆದರೆ ಅವನ ಬದುಕಿನಲ್ಲಿ ನಡೆಯಬೇಕಾದದ್ದೆಲ್ಲ ಆ ಸಂಜೆಗೇ ಮುಗಿದಿತ್ತು.

ಆ ಸಂಜೆ ಕಾಶೀಂಸಾಬ ಬಂದಾಗ ಮುತ್ತಪ್ಪ ದೀಪ ಹಚ್ಚದೆ ಕೂತಿದ್ದ. ಬುತ್ತಿ ಇನ್ನೂ ಹೊಸ್ತಿಲ ಮೇಲೆ ಇತ್ತು. ಕಾಶೀಂಸಾಬ ಅದನ್ನು ಒಳಗೆ ತಂದು ಬಿಚ್ಚಿದ. ತೆಳ್ಳಗೆ ಬಡಿದ ಜೋಳದ ರೊಟ್ಟಿ, ಪುಂಡಿ ಪಲ್ಯ, ಹಸಿಮೆಣಸಿನಕಾಯಿ ಖಾರ. ಸಾವಿನ ಮನೆಯವರು ತಾವಾಗಿ ಉಣ್ಣುವುದಿಲ್ಲ, ಮೊದಲ ತುತ್ತನ್ನು ಹೊರಗಿನವರು ಬಾಯಿಗಿಡಬೇಕು. ಕಾಶೀಂಸಾಬ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಅವನ ಬಾಯಿಗಿಟ್ಟ.

"ಉಣ್ಣೋ, ಮುತ್ತಪ್ಪ."

ಮುತ್ತಪ್ಪ ಅಗಿದ, ನುಂಗಿದ. ಆಗ ಅಳು ಬಂತು. ಅವ್ವ ಸತ್ತಾಗಲೂ ಬಾರದಂಥ ಅಳು. ತನ್ನನ್ನು ಒಬ್ಬರು ಪ್ರೀತಿಯಿಂದ ಕಂಡದ್ದು ಇಡೀ ಬದುಕಿನಲ್ಲಿ ಒಂದು ಸಲ, ಆಗ ತಾನು ಚೌಡವ್ವನಾಗಿದ್ದೆ, ಆ ಚೌಡವ್ವನನ್ನು ತನ್ನ ಕೈಯಾರೆ ಕೊಂದೆ ಎಂದು ಅತ್ತ. ಗಂಡು ಧ್ವನಿಯಲ್ಲಿ ಅಳಲು ಅವನಿಗೆ ರೂಢಿಯಿರಲಿಲ್ಲ. ಗಂಟಲಿನಿಂದ ಬಂದದ್ದು ಆ ಸಣ್ಣ ಧ್ವನಿಯೇ, ರಂಗದ ಮೇಲೆ ಅಷ್ಟು ವರ್ಷ ಊರು ಕೇಳಿದ ಧ್ವನಿ.

ಪಕ್ಕದ ಮನೆಯಲ್ಲಿ ಊಟಕ್ಕೆ ಕೂತವರಿಗೆ ಅದು ಕೇಳಿಸಿತು.

"ಕೇಳ್ರಿಲ್ಲೆ, ಚೌಡವ್ವ ತಾಲೀಮು ಚಾಲೂ ಮಾಡಿದ್ಲು!" ಎಂದು ಬಾಳವ್ವ ನಕ್ಕಳು. ಮನೆಯವರೆಲ್ಲ ನಕ್ಕರು.